ವೈಟ್‌ಫೀಲ್ಡ್: ಬೇಸಾಯಕ್ಕೆಂದು ಕಟ್ಟಿದ ಊರು

ಚಿಕ್ಕಪೇಟೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ಪೂರ್ವಕ್ಕೆ ಹೊರಟರೆ ಕಟ್ಟಕಡೆಗೆ ಸಿಗುವುದು ವೈಟ್‌ಫೀಲ್ಡ್. ಸುಲ್ತಾನ್‌ಪೇಟೆಯ ನಮಗೆ ಆ ಹೆಸರು ಕೇಳಿದೊಡನೆ ಗಾಜಿನ ಕಟ್ಟಡಗಳು, ಟ್ರಾಫಿಕ್ಕು ಕಣ್ಮುಂದೆ ಬರುತ್ತವೆ. ಆದರೆ ಆ ಊರು ಹುಟ್ಟಿದ್ದು ಉಳುಮೆಗಾಗಿ. ನಮ್ಮ ಪಕ್ಕದ ಚಾಮರಾಜಪೇಟೆ ಯಾರ ಹೆಸರಿನಲ್ಲಿದೆಯೋ, ಆ ಚಾಮರಾಜೇಂದ್ರ ಒಡೆಯರೇ ಅದಕ್ಕೆ ಜಮೀನು ಕೊಟ್ಟವರು.

ಮೈಸೂರಿನ ಆಡಳಿತ ಬ್ರಿಟಿಷರ ಕೈಯಿಂದ ಒಡೆಯರಿಗೆ ಮರಳಿದ್ದು 1881ರಲ್ಲಿ. ಮರುವರ್ಷವೇ ಅವರು ಯುರೇಷ್ಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ನೀಡಿದರು. ಮದ್ರಾಸಿನಲ್ಲಿ ಇಂಥ ಸಂಘವನ್ನು ಕಟ್ಟಿದ್ದ ಡಿ. ಎಸ್. ವೈಟ್ ಅವರ ಹೆಸರು ಊರಿಗೆ ಬಂತು. ಯುರೇಷ್ಯನ್ನರೆಂದರೆ ಯುರೋಪಿಯನ್ ಮತ್ತು ಭಾರತೀಯ ಮಿಶ್ರ ಸಂತತಿಯವರು; ಬ್ರಿಟಿಷರು ಅವರನ್ನು ತಮ್ಮವರೆಂದು ಒಪ್ಪುತ್ತಿರಲಿಲ್ಲ. ಸುತ್ತಲಿನ ಸಮಾಜಕ್ಕೂ ಅವರು ಹೊರಗಿನವರೇ. ರೈಲ್ವೆ, ಟೆಲಿಗ್ರಾಫ್, ಕಚೇರಿಯ ಗುಮಾಸ್ತಿಕೆ ಬಿಟ್ಟರೆ ಬದುಕಿಗೆ ಬೇರೆ ದಾರಿ ಕಡಿಮೆ. ಸ್ವಂತ ನೆಲವಿದ್ದರೆ ಯಾರ ಮರ್ಜಿಗೂ ಕಾಯಬೇಕಿಲ್ಲ ಎಂಬ ಆಸೆಯೇ ಈ ಊರಿನ ತಳಹದಿ. ಅದು ಗೌರವದ ಆಸೆ ಎಂದೇ ನಾನು ತಿಳಿಯುತ್ತೇನೆ.

ನಡುವೆ ಬಯಲು, ಅದರ ಸುತ್ತ ದುಂಡನೆಯ ರಸ್ತೆ, ರಸ್ತೆಯಂಚಿಗೆ ವಿಶಾಲ ಹಿತ್ತಲಿನ ಹೆಂಚಿನ ಮನೆಗಳು: ಹೀಗೆ ಊರನ್ನು ಹಾಕಿದರು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇವತ್ತಿಗೂ ಬಳಕೆಯಲ್ಲಿವೆ. ಮದ್ರಾಸಿನ ರೈಲುದಾರಿ ಪಕ್ಕದ ಊರಾದ ಕಾಡುಗೋಡಿಯ ಮಗ್ಗುಲಲ್ಲೇ ಹಾದುಹೋಗುತ್ತಿದ್ದುದು ದೊಡ್ಡ ಅನುಕೂಲ. ಬೆಂಗಳೂರಿನಲ್ಲಿದ್ದಾಗ ಚರ್ಚಿಲ್ ಇಲ್ಲಿಗೆ ಬರುತ್ತಿದ್ದನೆಂಬ ದಂತಕಥೆಗೆ ಸಿಕ್ಕಷ್ಟು ಪ್ರಚಾರ ಈ ರೈತಾಪಿ ಪ್ರಯತ್ನಕ್ಕೆ ಸಿಗಲಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಕೃಷಿ ಮಾತ್ರ ಕೈಹಿಡಿಯಲಿಲ್ಲ. ಇದು ಹೊಳೆಯಿಲ್ಲದ ಸೀಮೆ. ಮಳೆ ಮತ್ತು ಕೆರೆ ನಂಬಿದ ನೆಲ. ಸುತ್ತಲಿನ ಇಮ್ಮಡಿಹಳ್ಳಿ, ಹಗದೂರಿನ ಒಕ್ಕಲಿಗೆ ಹದ ಮಳೆಯ ಲೆಕ್ಕ, ರಾಗಿ ಬಿತ್ತನೆ ಗೊತ್ತಿತ್ತು. ಕಚೇರಿಯಿಂದ ಬಂದವರಿಗೆ ಅದನ್ನು ಕಲಿಸುವವರಿರಲಿಲ್ಲ. ಮಕ್ಕಳು ರೈಲ್ವೆಗೆ, ಕೋಲಾರದ ಚಿನ್ನದ ಗಣಿಗೆ ಹೊರಟರು. ಸ್ವಾತಂತ್ರ್ಯದ ನಂತರ ಎಷ್ಟೋ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ ಸೇರಿದವು. ಊರು ನಿವೃತ್ತರ ತಂಗುದಾಣವಾಯಿತು. 1990ರ ದಶಕದಲ್ಲಿ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂದ ಮೇಲೆ ಎಕರೆಗಟ್ಟಲೆ ತೋಟ ಚದರಡಿ ಲೆಕ್ಕಕ್ಕೆ ಇಳಿಯಿತು.

ಇನ್ನರ್ ಸರ್ಕಲ್‌ನಲ್ಲಿ ಹಳೆಯ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಅವುಗಳ ಜೊತೆಗೆ ಆ ವೃತ್ತಾಕಾರದ ನಕ್ಷೆಯನ್ನೂ ಪಾರಂಪರಿಕ ತಾಣವೆಂದು ಸರ್ಕಾರ ಕಾಪಾಡಬೇಕು. ಹೋಗಿ ನೋಡುವವರು ಮೆಟ್ರೊ ಇಳಿದು, ಹೋಪ್ ಫಾರ್ಮ್ ದಾಟಿ, ಇನ್ನರ್ ಸರ್ಕಲ್ಲನ್ನು ಒಂದು ಸುತ್ತು ನಡೆದೇ ನೋಡಿ. ಭಾನುವಾರ ಬೆಳಗ್ಗೆ ವಾಹನ ಕಡಿಮೆ.