ಸಣ್ಣ ಅಂಗಡಿಯೂ ಬಾನುಲಿಯ ಜಾಹೀರಾತೂ

1922ನೆಯ ಇಸವಿಯ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯು.ಇ.ಎ.ಎಫ್. ಎಂಬ ಬಾನುಲಿ ಕೇಂದ್ರದಿಂದ ಸುಮಾರು 10 ನಿಮಿಷಗಳ ಒಂದು ಭಾಷಣ ಪ್ರಸಾರವಾಯಿತು. ಕೇಳಿದವರಿಗೆ ಅದೊಂದು ಸಾಹಿತ್ಯೋಪನ್ಯಾಸವೆಂದೇ ಮೊದಲು ತೋರಿದ್ದರೆ ಆಶ್ಚರ್ಯವಿಲ್ಲ. ಮಾತು ಆರಂಭವಾದದ್ದೇ ಅಮೆರಿಕದ ಕಾದಂಬರಿಕಾರ ನಥಾನಿಯಲ್ ಹಾಥಾರ್ನನ ಸ್ಮರಣೆಯಿಂದ. ಆದರೆ ಭಾಷಣಕಾರರು ಬಂದಿದ್ದುದು ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಮನೆ ಕಟ್ಟಿ ಮಾರುವ ಸಂಸ್ಥೆಯ ಪರವಾಗಿ. ಆ ಸಂಸ್ಥೆ ಜ್ಯಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ ಕಟ್ಟಿದ ವಸತಿಗೃಹಗಳಿಗೆ 'ಹಾಥಾರ್ನ್ ಕೋರ್ಟ್' ಎಂದು ಹೆಸರಿಟ್ಟಿತ್ತು. ಹಣ ತೆತ್ತು ಹೇಳಿಸಿದ ಬಾನುಲಿಯ ಮೊದಲ ಜಾಹೀರಾತು ಇದೇ ಎಂದು ಸಾಮಾನ್ಯವಾಗಿ ಗಣಿಸುತ್ತಾರೆ. ಸಾಹಿತಿಯೊಬ್ಬನ ಹೆಸರಿನಲ್ಲಿ ಮನೆ ಮಾರಿದರಲ್ಲ ಎಂದು ನಾವು ನಗಬಹುದು. ಆದರೆ ಈ ಘಟನೆಯಲ್ಲಿ ವ್ಯಾಪಾರದ ಒಂದು ಮರ್ಮ ಅಡಗಿದೆ. ಮಾರಲು ಹೊರಟದ್ದು ಮನೆ. ಸಾವಿರಾರು ಜನ ಕೇಳಿ ಬೆರಳೆಣಿಕೆಯ ಮಂದಿ ಕೊಂಡರೂ ಭಾಷಣದ ಖರ್ಚು ಹುಟ್ಟಿಬಿಡುತ್ತದೆ.

ಮಾರುವ ಪದಾರ್ಥ ಹಪ್ಪಳವಾದರೆ?

ಈ ಪ್ರಶ್ನೆ ನನ್ನ ಕಲ್ಪನೆಯದಲ್ಲ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಮನೆಯಲ್ಲೇ ಮಾಡಿ, ಮುಂದಿನ ಕೋಣೆಯಲ್ಲೇ ಮಾರುವ ತಾಯಿಯೊಬ್ಬರು ನನಗೆ ಪರಿಚಿತರು. ಪತಿ ತೀರಿಕೊಂಡ ಮೇಲೆ ಈ ವ್ಯಾಪಾರದಿಂದಲೇ ಮಗನನ್ನು ಓದಿಸಿದವರು. ವರ್ಷಗಟ್ಟಲೆ ಕೂಡಿಟ್ಟ 40,000 ರೂಪಾಯಿ ಆಕೆಯ ಕೈಯಲ್ಲಿತ್ತು. ಅದರಲ್ಲಿ ಹಿಟ್ಟು ಕಲಸುವ ಯಂತ್ರ ಕೊಳ್ಳಬೇಕೆಂದು ಆಕೆಯ ಆಸೆ. ದಸರೆಗೆ ಮುಂಚೆ ಎಫ್.ಎಂ. ಬಾನುಲಿಯಲ್ಲಿ ಜಾಹೀರಾತು ಕೊಡಬೇಕೆಂದು ಮಗನ ಹಟ. "ರೇಡಿಯೋದಲ್ಲಿ ಹೇಳಿಸಿದ್ರೆ ಜನ ಬರ್ತಾರಾ, ಮೇಷ್ಟ್ರೇ?" ಎಂದು ಆಕೆ ಕೇಳಿದರು. ಬರುತ್ತಾರೆ ಎಂದೋ ಬರುವುದಿಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಿಬಿಡುವಂಥ ವಿಷಯವಲ್ಲ ಇದು. ಕಾಗದ ಪೆನ್ಸಿಲು ಹಿಡಿದು ಕುಳಿತೆವು.

ಮೊದಲು, ಕೇಳುವವರು ಯಾರು ಎಂಬುದನ್ನು ಯೋಚಿಸಬೇಕು. ಪತ್ರಿಕೆ ಓದುವವನಿಗೆ ಕಣ್ಣೂ ಬೇಕು, ಕೈಯೂ ಬೇಕು. ಬಾನುಲಿಗೆ ಕಿವಿಯೊಂದು ಸಾಕು. ಆದ್ದರಿಂದಲೇ ಅದು ಕೈ ಬಿಡುವಿಲ್ಲದವರ ಸಂಗಾತಿ: ಅಡುಗೆಮನೆಯ ಗೃಹಿಣಿ, ಹೊಲಿಗೆಯಂತ್ರದ ಮುಂದಿನ ದರ್ಜಿ, ಆಟೋ ಓಡಿಸುವವರು, ಕ್ಷೌರದಂಗಡಿಯವರು. ಇದು ಬಾನುಲಿಯ ಬಲ, ದೌರ್ಬಲ್ಯವೂ ಇದೇ. ಒಗ್ಗರಣೆಗೆ ಸಾಸಿವೆ ಹಾಕುತ್ತಿರುವಾಗ ಕೇಳಿಬಂದ ದೂರವಾಣಿ ಸಂಖ್ಯೆಯನ್ನು ಯಾರು ಬರೆದುಕೊಳ್ಳುತ್ತಾರೆ? ಅಕ್ಷರವನ್ನು ಮತ್ತೆ ತಿರುವಿ ನೋಡಬಹುದು, ಹೋದ ದನಿಯನ್ನು ಹಿಂದಕ್ಕೆ ಕರೆಯಲಾಗದು. ಬಾನುಲಿಯಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುವುದು ಇದಕ್ಕಾಗಿಯೇ. ಒಂದೆರಡು ಬಾರಿ ಹೇಳಿಸಿ ನೋಡೋಣ ಎನ್ನುವವರು ಆ ಹಣವನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಲೇಸು.

ಪುನರಾವರ್ತನೆಯ ಶಕ್ತಿ ಎಂಥದೆಂಬುದಕ್ಕೆ ನಮ್ಮ ಹಿರಿಯರ ನೆನಪೇ ಸಾಕ್ಷಿ. 1952ರಲ್ಲಿ ರೇಡಿಯೋ ಸಿಲೋನಿನಿಂದ ಆರಂಭವಾದ ಬಿನಾಕಾ ಗೀತಮಾಲಾ ಕಾರ್ಯಕ್ರಮದಲ್ಲಿ ಹಾಡುಗಳಿಗೆ ಕಿವಿಗೊಟ್ಟವರೆಲ್ಲ ಅಮೀನ್ ಸಯಾನಿಯವರ ದನಿಯೊಡನೆ ಒಂದು ದಂತಲೇಪದ ಹೆಸರನ್ನೂ ಕಂಠಸ್ಥ ಮಾಡಿಕೊಂಡರು. 1957ರಲ್ಲಿ ಹುಟ್ಟಿದ ನಮ್ಮ ವಿವಿಧ ಭಾರತಿಗೆ ಜಾಹೀರಾತು ಬಂದದ್ದು ಹತ್ತು ವರ್ಷಗಳ ಮೇಲೆ, 1967ರಲ್ಲಿ. ಆದರೆ ದೇಶಾದ್ಯಂತ ಮಾರುವ ಕಂಪನಿಗೆ ಒಪ್ಪಿದ್ದು ಒಂಟಿಕೊಪ್ಪಲಿನ ಅಂಗಡಿಗೂ ಒಪ್ಪುತ್ತದೆಂದು ತಿಳಿಯಬಾರದು. ಆ ಕಂಪನಿಯ ಸರಕು ಕೇಳುಗನ ಬೀದಿಯ ಅಂಗಡಿಯಲ್ಲೇ ಸಿಗುತ್ತದೆ. ಈ ತಾಯಿಯ ಹಪ್ಪಳ ಸಿಗುವುದು ಒಂದೇ ಒಂದು ಕಡೆ.

ಇಲ್ಲಿಯೇ ದೂರದ ಪ್ರಶ್ನೆ ಬರುತ್ತದೆ. ಎಫ್.ಎಂ. ಪ್ರಸಾರ ಆಯಾ ಊರಿನದೇ ಹೌದು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ತೆರೆದಾಗಿನಿಂದ, ಊರಿನ ಸಣ್ಣ ವರ್ತಕನೂ ಬಾನುಲಿಯ ಕಡೆ ಕಣ್ಣು ಹಾಯಿಸುವಂತಾಗಿದೆ. ಆದರೂ ಮೈಸೂರಿನ ಪ್ರಸಾರ ಮೈಸೂರಿಗೇ ನಿಲ್ಲದು. ಶ್ರೀರಂಗಪಟ್ಟಣದವರೂ ನಂಜನಗೂಡಿನವರೂ ಅದನ್ನು ಕೇಳುತ್ತಾರೆ. ನೂರು ರೂಪಾಯಿಯ ಹಪ್ಪಳದ ಕಟ್ಟಿಗಾಗಿ ನಂಜನಗೂಡಿನಿಂದ ಬಸ್ಸು ಹತ್ತಿ ಬರುವ ಪುಣ್ಯಾತ್ಮರು ಎಷ್ಟು ಮಂದಿ? ಕೇಳುವ ಪ್ರತಿಯೊಂದು ಕಿವಿಗೂ ನಾವು ಹಣ ತೆರುತ್ತೇವೆ. ನಮ್ಮ ಬಾಗಿಲಿಗೆ ಬರಬಲ್ಲ ಕಿವಿಗಳು ಅವುಗಳಲ್ಲಿ ಒಂದು ಪಾಲು ಮಾತ್ರ. ಪೀಠೋಪಕರಣದ ಅಂಗಡಿಗಾದರೆ ನಂಜನಗೂಡಿನವರೂ ಬರುತ್ತಾರೆ; ಮಂಚ ಕೊಳ್ಳಲು 25 ಕಿಲೋಮೀಟರು ಬರುವುದು ದೊಡ್ಡದಲ್ಲ.

ಇನ್ನು ಲೆಕ್ಕ. ಬಾನುಲಿಯಲ್ಲಿ ಕಾಲವನ್ನು 10 ಸೆಕೆಂಡುಗಳ ಅಳತೆಯಲ್ಲಿ ಮಾರುವುದು ರೂಢಿ. ಕೇಂದ್ರಕ್ಕೊಂದು ದರ, ಹೊತ್ತಿಗೊಂದು ದರ. ಜನ ಕೆಲಸಕ್ಕೆ ಹೊರಡುವ ಬೆಳಗಿನ ವೇಳೆಗೂ ಮರಳುವ ಸಂಜೆಯ ವೇಳೆಗೂ ಬೆಲೆ ಹೆಚ್ಚು. ಸುಮ್ಮನೆ ಉದಾಹರಣೆಗೆಂದು 10 ಸೆಕೆಂಡಿಗೆ 150 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಬಾರಿ, 20 ದಿನ ಹೇಳಿಸಿದರೆ 24,000 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಸರಕು ಮತ್ತು ಸೇವಾ ತೆರಿಗೆ. ತೆರಿಗೆಗೆ ನೋಂದಾಯಿಸಿಕೊಂಡ ವರ್ತಕರು ಇದನ್ನು ತಮ್ಮ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ಈ ತಾಯಿಯಂಥವರಿಗೆ ಆ ಸೌಲಭ್ಯವಿಲ್ಲ. ಧ್ವನಿಮುದ್ರಣದ ವೆಚ್ಚವೂ ಸೇರಿ 30,000 ಎನ್ನೋಣ. ನೂರು ರೂಪಾಯಿಯ ಕಟ್ಟೊಂದರಲ್ಲಿ ಬೇಳೆ, ಎಣ್ಣೆ, ಕೂಲಿ, ಪೊಟ್ಟಣ ಎಲ್ಲ ಕಳೆದು ಆಕೆಗೆ ಉಳಿಯುವುದು 25 ರೂಪಾಯಿ. ಅಂದರೆ ಹಾಕಿದ ಹಣ ಮರಳಬೇಕಾದರೆ, ಎಂದಿನ ವ್ಯಾಪಾರದ ಮೇಲೆ ಇನ್ನೂ 1,200 ಕಟ್ಟು ಮಾರಬೇಕು. 20 ದಿನಗಳಲ್ಲಿ ಎಂದರೆ ದಿನಕ್ಕೆ 60.

"ದಿನಕ್ಕೆ ಎಷ್ಟು ಕಟ್ಟು ಮಾಡುತ್ತೀರಮ್ಮ?" ಎಂದು ಕೇಳಿದೆ. ಇಬ್ಬರು ಹೆಂಗಸರ ಸಹಾಯದಿಂದ ಮಾಡುವುದು 40. ಅದೂ ಬಿಸಿಲಿದ್ದರೆ! ದಸರೆಗೆ ಮುಂಚಿನ ಮೈಸೂರಿನ ಮೋಡ ಯಾರಿಗೆ ತಿಳಿಯದು? ಇರುವ ಗಿರಾಕಿಗಳಿಗೇ ಆ ನಲವತ್ತು ಸಾಲುತ್ತಿರಲಿಲ್ಲ. ಜಾಹೀರಾತು ಸೋತರೆ ಹಣ ಹೋಯಿತು. ಗೆದ್ದರೆ ಹೊಸಬರು ಬಂದು ಬರಿಗೈಯಲ್ಲಿ ಹಿಂತಿರುಗುತ್ತಾರೆ, ಹಳಬರಿಗೆ ಸಿಗುತ್ತಿದ್ದುದೂ ಸಿಗದೆ ಮುನಿಯುತ್ತಾರೆ. ಗೆಲುವೇ ಹೆಚ್ಚು ದುಬಾರಿಯಾಗುವ ಇಂಥ ಸಂದರ್ಭವನ್ನು ಜಾಹೀರಾತು ಮಾರುವವರು ತಾವಾಗಿ ನಮಗೆ ತೋರಿಸಿಕೊಡುತ್ತಾರೆಂದು ನಿರೀಕ್ಷಿಸಬಾರದು, ಅದು ಅವರ ಕೆಲಸವೂ ಅಲ್ಲ.

ಮಗ ಬುದ್ಧಿವಂತ. "ಒಮ್ಮೆ ಬಂದವರು ಮತ್ತೆ ಬರೋದಿಲ್ವೇ ಮೇಷ್ಟ್ರೇ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ, ಹಪ್ಪಳ ಕರಿದಷ್ಟೂ ಮುಗಿಯುವ ವಸ್ತು. ತಿಂಗಳಿಗೆ ಎರಡು ಕಟ್ಟು ಒಯ್ಯುವ ಗಿರಾಕಿಯೊಬ್ಬ ವರ್ಷಕ್ಕೆ 600 ರೂಪಾಯಿ ಲಾಭ ಕೊಡುತ್ತಾನೆ. ಅಂಥ 50 ಮನೆಗಳು ಹೊಸದಾಗಿ ಸಿಕ್ಕಿ ಒಂದು ವರ್ಷ ನಿಂತರೆ 30,000 ಹುಟ್ಟಿತು. ದಿನಕ್ಕೆ 60 ಕಟ್ಟಿನ ಮಾತೆಲ್ಲಿ, 50 ಮನೆಗಳ ಮಾತೆಲ್ಲಿ! ಇದು ನನಗೂ ಸಾಧ್ಯವೆಂದೇ ತೋರಿತು. ಆದರೆ ಆ ಹಣ ಕೈಸೇರಲು ಒಂದು ವರ್ಷ ಕಾಯಬೇಕು. ಅಷ್ಟು ದಿನ ಕಾಯುವ ಶಕ್ತಿ ಯಾರಿಗಿದೆಯೋ ಅವರಿಗೆ ಮಾತ್ರ ಈ ಲೆಕ್ಕ. ಪೀಠೋಪಕರಣದವನ ಅವಸ್ಥೆ ಬೇರೆ: ಒಂದು ಮಾರಾಟಕ್ಕೆ 3,000 ಉಳಿಯುವುದಾದರೆ ಹತ್ತು ಜನ ಬಂದರೆ ಸಾಕು, ಅವರು ಮತ್ತೆಂದೂ ಬಾರದಿದ್ದರೂ ನಷ್ಟವಿಲ್ಲ.

ಮಗ ಬರೆದಿಟ್ಟಿದ್ದ ಜಾಹೀರಾತನ್ನೂ ನೋಡಿದೆ. ಗಡಿಯಾರ ಹಿಡಿದು ಓದಿಸಿದರೆ 10 ಸೆಕೆಂಡಿನದು 24 ಸೆಕೆಂಡು ಓಡಿತು. ನಮ್ಮ ಕನ್ನಡ ಪದಗಳು ವಿಭಕ್ತಿ ಪ್ರತ್ಯಯಗಳನ್ನೆಲ್ಲ ಹೊತ್ತು ನಡೆಯುವಂಥವು; ಅವಸರವಿಲ್ಲದೆ ಹೇಳಿದರೆ 10 ಸೆಕೆಂಡಿನಲ್ಲಿ ಹದಿನೈದು ಪದ ಹಿಡಿಸಿದರೆ ಹೆಚ್ಚು. ಜನಪ್ರಿಯ ಚಿತ್ರಗೀತೆಯೊಂದರ ಧಾಟಿಯನ್ನೂ ಅವನು ಹಿನ್ನೆಲೆಗೆ ಯೋಜಿಸಿದ್ದ. ಹಕ್ಕುದಾರರ ಅನುಮತಿಯಿಲ್ಲದೆ ಹಾಗೆ ಮಾಡುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಅಡ್ಡ ಬರುತ್ತದೆ. ಹುರುಳಿ ಚಟ್ನಿಪುಡಿ ಸಕ್ಕರೆ ಕಾಯಿಲೆಯನ್ನು ಓಡಿಸುತ್ತದೆ ಎಂಬ ಸಾಲಂತೂ ಅಪಾಯದ್ದು. ಆಹಾರದ ಬಗೆಗೆ ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆಯ ಕಾಯಿದೆ 10 ಲಕ್ಷ ರೂಪಾಯಿಯವರೆಗೂ ದಂಡ ಹೇಳುತ್ತದೆ. ಇವೆಲ್ಲವನ್ನು ಹೊಡೆದು ಹಾಕಿ, ಮೂವರೂ ಸೇರಿ ಉಳಿಸಿದ್ದು ಇಷ್ಟು: "ಹಬ್ಬಕ್ಕೆ ಉದ್ದಿನ ಹಪ್ಪಳ, ಅರಳು ಸಂಡಿಗೆ, ಹುರುಳಿ ಚಟ್ನಿಪುಡಿ. ಮನೆಯಲ್ಲೇ ಮಾಡಿದ್ದು. ಒಂಟಿಕೊಪ್ಪಲು, ಮಾತೃಮಂಡಳಿ ವೃತ್ತದ ಹತ್ತಿರ." ದೂರವಾಣಿ ಸಂಖ್ಯೆ ಇಲ್ಲ, ಗುರುತಿನ ಜಾಗವಿದೆ. ಇದನ್ನು ದಿನವೆಲ್ಲ ಚೆಲ್ಲಾಪಿಲ್ಲಿ ಹೇಳಿಸುವುದಕ್ಕಿಂತ ಅಡುಗೆಯ ಹೊತ್ತಿನಲ್ಲೇ ಪ್ರತಿದಿನ ಹೇಳಿಸುವುದು ಮೇಲು. ಕೇಳುಗರ ಸಂಖ್ಯೆ ಕಡಿಮೆಯಾದರೂ ಅದೇ ಜನ ಅದನ್ನು ಮತ್ತೆ ಮತ್ತೆ ಕೇಳುತ್ತಾರೆ.

ಮೈಸೂರಿಗೂ ಬಾನುಲಿಗೂ ಹಳೆಯ ನಂಟು. 1935ರಲ್ಲಿ ಇಲ್ಲಿ 'ಆಕಾಶವಾಣಿ' ಎಂಬ ಪುಟ್ಟ ಕೇಂದ್ರವನ್ನು ತಮ್ಮ ಮನೆಯಲ್ಲೇ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕೇಳಿದ ಮಾತು ಮನಸ್ಸಿನಲ್ಲಿ ಹೇಗೆ ನಿಲ್ಲುತ್ತದೆಂಬ ನಮ್ಮ ಅಂದಿನ ಚರ್ಚೆಗೆ ಅವರಿಗಿಂತ ತಕ್ಕ ಮಧ್ಯಸ್ಥರು ಸಿಗುತ್ತಿರಲಿಲ್ಲ.

ಕೊನೆಗೆ ಆ ವರ್ಷ ಯಂತ್ರವೇ ಬಂತು. ಉಳಿದ ಅಲ್ಪಸ್ವಲ್ಪದಲ್ಲಿ ಕರಪತ್ರ ಅಚ್ಚು ಹಾಕಿಸಿ, ಪತ್ರಿಕೆ ಹಂಚುವ ಹುಡುಗರ ಕೈಯಲ್ಲಿ ಸುತ್ತಣ ಹತ್ತು ಬೀದಿಗಳಿಗೆ ಕಳುಹಿಸಿದರು. ಅಂಗಡಿಯ ಮೇಜಿನ ಮೇಲೆ ನಾನು ಒಂದು ನೋಟುಬುಕ್ಕು ಇಡಿಸಿದ್ದೇನೆ. ಹೊಸಬರು ಬಂದಾಗ "ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿ ಒಂದು ಗೀಟು ಎಳೆಯಬೇಕು: ನೆರೆಯವರು ಹೇಳಿದ್ದು, ಕರಪತ್ರ, ದಾರಿಯಲ್ಲಿ ಕಂಡದ್ದು ಎಂದು ಮೂರು ಕಲಂ. ಈಗ ದಿನಕ್ಕೆ 90 ಕಟ್ಟು ಆಗುತ್ತಿದೆ, ಮಾರಾಟ 70ರ ಆಸುಪಾಸಿನಲ್ಲಿದೆ. ಹೋದ ವಾರ ಮಗ ಕೇಂದ್ರದಿಂದ ಹೊಸ ದರಪಟ್ಟಿ ತರಿಸಿಕೊಂಡ. ತಾಯಿ ನೋಟುಬುಕ್ಕಿನಲ್ಲಿ ನಾಲ್ಕನೆಯ ಕಲಂ ಎಳೆದಿದ್ದಾರೆ. ಅದರ ಮೇಲೆ ಇನ್ನೂ ಏನನ್ನೂ ಬರೆದಿಲ್ಲ.