ಮಗುವಿಗೆ ಮಲಬದ್ಧತೆಯೇ? ಹರಳೆಣ್ಣೆಗೆ ಕೈ ಹಾಕುವ ಮುನ್ನ...

"ನಾಲ್ಕು ದಿನ ಆಯ್ತು ಕಣ್ರೀ, ಮಗು ಕಕ್ಕ ಮಾಡಿಲ್ಲ!" ಕಡೂರಿನ ಸಂತೆಯಲ್ಲಾಗಲಿ, ತರೀಕೆರೆಯ ಬಸ್ ನಿಲ್ದಾಣದಲ್ಲಾಗಲಿ, ಅಜ್ಜಂಪುರದಲ್ಲಿ ರೈಲಿಗೆ ಕಾಯುವಾಗಲಾಗಲಿ, ಇಬ್ಬರು ತಾಯಂದಿರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬರು ಹರಳೆಣ್ಣೆ ಎನ್ನುತ್ತಾರೆ, ಇನ್ನೊಬ್ಬರು ವೀಳ್ಯದೆಲೆ ತೊಟ್ಟು, ಮತ್ತೊಬ್ಬರು ಅಂಗಡಿಯ ಸಿರಪ್ಪು. ಯಾವುದು ಒಳ್ಳೆಯದು? ನೋಡೋಣ ಬನ್ನಿ.

ಭಯವೇ ಮೂಲ

ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಹೆದರಿ ತಡೆಹಿಡಿಯುತ್ತದೆ. ಕಾಲು ಹೆಣೆದುಕೊಂಡು ಮೂಲೆಯಲ್ಲಿ ನಿಲ್ಲುವುದು ಮುಕ್ಕುವುದಕ್ಕಲ್ಲ, ತಡೆಯುವುದಕ್ಕೆ! ತಡೆದಷ್ಟೂ ಮಲ ಗಟ್ಟಿ, ಗಟ್ಟಿಯಾದಷ್ಟೂ ನೋವು. ಕೆಲವು ಮಕ್ಕಳಿಗೆ ಗಟ್ಟಿ ಮಲದ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಕೊಳೆಯಾಗುತ್ತದೆ. ಅದನ್ನು ಭೇದಿಯೆಂದು ತಿಳಿದು ಗದರಬೇಡಿ. ಬರೀ ಎದೆಹಾಲು ಕುಡಿಯುವ ಕೂಸು ಒಂದು ತಿಂಗಳು ದಾಟಿದ ಮೇಲೆ ನಾಲ್ಕೈದು ದಿನ ಹೋಗದಿದ್ದರೂ, ಹೋದಾಗ ಮೆತ್ತಗಿದ್ದು, ಲವಲವಿಕೆಯಿಂದಿದ್ದರೆ ಚಿಂತೆ ಬೇಡ.

ಮನೆಯ ಮದ್ದು

ಹರಳೆಣ್ಣೆ ಕರುಳನ್ನು ಕೆರಳಿಸಿ ಹೊಟ್ಟೆ ನುಲಿಸುತ್ತದೆ. ಭೇದಿಯಾಗಿ ಮೈಯ ನೀರು ಹೋಗುತ್ತದೆ. ಮೂಗು ಹಿಡಿದು ಬಲವಂತವಾಗಿ ಹೊಯ್ದರೆ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ವೀಳ್ಯದೆಲೆ ತೊಟ್ಟು, ಸೋಪಿನ ತುಂಡು ತೂರಿಸುವುದರಿಂದ ಎಳೆಯ ಚರ್ಮಕ್ಕೆ ಗಾಯ, ಉರಿ. ಮಗುವಿನ ಭಯವೂ ಇಮ್ಮಡಿ. ಇವೆರಡನ್ನೂ ಬಿಟ್ಟುಬಿಡಿ.

ಅಂಗಡಿಯ ಮದ್ದು

ಲ್ಯಾಕ್ಟುಲೋಸ್ ಸಿಹಿ ಸಿರಪ್ಪು. ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿದು ನೀರನ್ನೆಳೆದು ಮಲ ಮೆದುವಾಗಿಸುತ್ತದೆ. ತುಸು ಹೊಟ್ಟೆಯುಬ್ಬರ ಆಗಬಹುದು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ನೀರಿಗೆ ಬೆರೆಸುವಂಥದು; ಮಲದಲ್ಲಿ ನೀರು ಹಿಡಿದಿಡುತ್ತದೆ. ನಮ್ಮ ದೇಶದ ಮಕ್ಕಳ ವೈದ್ಯರು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ವರ್ಷ ದಾಟಿದ ಮಕ್ಕಳಿಗೆ ಈ ಪುಡಿಗೇ ಮೊದಲ ಸ್ಥಾನ, ವರ್ಷದೊಳಗಿನವರಿಗೆ ಲ್ಯಾಕ್ಟುಲೋಸ್. ಅಳತೆಯನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು. ಪಕ್ಕದ ಮನೆಯ ಮಗುವಿನ ಚೀಟಿ ನಮಗಾಗದು.

ಇಲ್ಲೇ ಬಹಳ ಮಂದಿ ಎಡವುವುದು: ನಾಲ್ಕು ದಿನ ಸರಾಗವಾಯಿತೆಂದು ಬಾಟಲಿ ಎತ್ತಿಡುತ್ತಾರೆ. ಮಲ ಮೆದುವಾಯಿತು ಸರಿ, ಭಯ ಹೋಯಿತೇ? ಮಗು ಆ ನೋವನ್ನು ಮರೆಯಲು ಸಾಮಾನ್ಯವಾಗಿ ಎರಡು ತಿಂಗಳಾದರೂ ಔಷಧಿ ಬೇಕು. ಆಮೇಲೆ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಿ. ಅಭ್ಯಾಸವಾಗಿಬಿಡುತ್ತದೆಂಬ ಅಂಜಿಕೆ ಈ ಎರಡಕ್ಕೂ ಬೇಡ.

ಜೊತೆಗೆ ಇಷ್ಟು ಮಾಡಿ

* ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ಹಾಲಿನಲ್ಲೇ ಹೊಟ್ಟೆ ತುಂಬಿದರೆ ಊಟ ಸೇರದು.
* ರಾಗಿ ಅಂಬಲಿ, ಸೊಪ್ಪಿನ ಹುಳಿ, ಪರಂಗಿ ಹಣ್ಣು, ಬೇಕಾದಷ್ಟು ನೀರು ಕೊಡಿ.
* ಎರಡು ವರ್ಷ ದಾಟಿದ ಮಗುವನ್ನು ಊಟವಾದ ಮೇಲೆ ಐದು ನಿಮಿಷ ಕೂರಿಸಿ. ಕಮೋಡಾದರೆ ಕಾಲಡಿಗೆ ಮಣೆಯಿಡಿ. ಹೋಗದಿದ್ದರೂ ಬೈಯಬೇಡಿ, ಹೋದರೆ "ಜಾಣ ಮರಿ" ಎನ್ನಿ.

ಹುಟ್ಟಿದ ಮೊದಲೆರಡು ದಿನ ಮಲ ಹೋಗದಿದ್ದ ಮಗು, ಹೊಟ್ಟೆಯುಬ್ಬಿ ಹಸಿರು ವಾಂತಿ, ಮಲದಲ್ಲಿ ರಕ್ತ, ತೂಕ ಏರದಿರುವುದು — ಇಂಥದ್ದಿದ್ದರೆ ಮನೆಮದ್ದೂ ಬೇಡ, ಅಂಗಡಿ ಮದ್ದೂ ಬೇಡ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.