ಭೂರಾಳ ಕೊಲೆ ಮತ್ತು ಪೊಲೀಸರ ಪಟ್ಟಿ

1852ರ ಆಗಸ್ಟ್‌ನಲ್ಲಿ ಉತ್ತರ ಭಾರತದ ಮೈನ್‌ಪುರಿಯಲ್ಲಿ ಭೂರಾ ಎಂಬ ಹಿಜ್ರಾಳ ಕೊಲೆಯಾಯಿತು. ಶುಭಕಾರ್ಯದ ಮನೆಗಳಲ್ಲಿ ಹಾಡಿ ಕುಣಿದು, ಕೊಟ್ಟ ಇನಾಮಿನಲ್ಲಿ ಬದುಕುತ್ತಿದ್ದವಳು. ಮನೆಯಲ್ಲಿ ಇಬ್ಬರು ಚೇಲಾಗಳು, ಅಂದರೆ ಶಿಷ್ಯೆಯರು, ಇದ್ದರು. ಅವಳು ಬಿಟ್ಟುಬಂದ ಹಳೆಯ ಪ್ರಿಯಕರನೇ ಕೊಂದನೆಂದು ಬ್ರಿಟಿಷ್ ನ್ಯಾಯಾಧೀಶರಿಗೆ ಖಾತ್ರಿಯಿತ್ತು. ಆದರೂ ಅವರ ಕಣ್ಣು ಕೆಂಪಾದದ್ದು ಸತ್ತವಳ ಸಮುದಾಯದ ಮೇಲೆ!

ಹಿಜ್ರಾಗಳ ಬಗೆಗಿನ ಆಳುವವರ ದಿಗಿಲು ಬೆಳೆಯುತ್ತ ಹೋಗಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಸೇರಿಕೊಂಡಿತು. ಅನುಮಾನ ಬಂದ ಹಿಜ್ರಾಗಳ ಹೆಸರು, ವಿಳಾಸ ಪೊಲೀಸರ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ವಾರಂಟಿಲ್ಲದೆ ಬಂಧನ, ಎರಡು ವರ್ಷದವರೆಗೆ ಸೆರೆ. ನನಗೆ ಇದಕ್ಕಿಂತ ಕ್ರೂರವೆನಿಸುವುದು ಇನ್ನೊಂದು ಕಲಮು: ಅಂಥವರು ಉಯಿಲು ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ. ಹೆತ್ತವರು ಕೈಬಿಟ್ಟವರಿಗೆ ಮುಪ್ಪಿನಲ್ಲಿ ದಿಕ್ಕಾಗುವವರು ಚೇಲಾಗಳೇ. ಸರ್ಕಾರ ಕತ್ತರಿ ಹಾಕಿದ್ದು ಆ ನಂಟಿಗೇ.

1919ರಲ್ಲಿ ನಿಜಾಮನ ಹೈದರಾಬಾದು ಇದೇ ಬಗೆಯ ಕಾಯ್ದೆ ತಂದಿತು. ಅದನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ನಮ್ಮವರೇನು ಕಮ್ಮಿ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಅದೇ ಪಟ್ಟಿ, ಅದೇ ಅನುಮಾನ, ಹೆಚ್ಚುಕಮ್ಮಿ 1871ರದೇ ಮಾತು. ನೂರನಲವತ್ತು ವರ್ಷ ಹಳೆಯ ವಾಕ್ಯವನ್ನು ಸ್ವತಂತ್ರ ಭಾರತದ ಶಾಸನಸಭೆ ಮತ್ತೆ ಬರೆಯಿತು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆಯೇ ಅದರಿಂದ ಅವರ ಹೆಸರು ಹೋದದ್ದು.

ಇಷ್ಟರ ನಡುವೆಯೂ ಗುರು-ಚೇಲಾ ಕಟ್ಟು ಕಳಚಲಿಲ್ಲ. ಬೆಂಗಳೂರಿನ ಹಮಾಮುಗಳಲ್ಲಿ, ಅಂದರೆ ಹಿಜ್ರಾಗಳು ನಡೆಸುವ ಸ್ನಾನದ ಮನೆಗಳಲ್ಲಿ, ಅಂಗಡಿ ಅಂಗಡಿ ಸುತ್ತಿ ಬಂದ ಚೇಲಾ ದಿನದ ದುಡ್ಡನ್ನು ಗುರುವಿನ ಕೈಗಿಡುತ್ತಾಳೆ. ಮಂಡಿನೋವಿನ ನಾನಿಗೆ, ಅಂದರೆ ಗುರುವಿನ ಗುರುವಿಗೆ, ಬಿಸಿನೀರು ಕಾಯಿಸಿ, ಮಾತ್ರೆ ಕೊಟ್ಟು ಮಲಗಿಸುತ್ತಾಳೆ. ಈ ಮನೆಗಳಲ್ಲೂ ಜಗಳವಿದೆ, ದಂಡವಿದೆ, ಹಿರಿಯರ ದರ್ಪವಿದೆ. ಆದರೂ ಗುರು ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂರುವವಳು ಚೇಲಾ.

2013ರಲ್ಲಿ ಈ ಸಮುದಾಯಕ್ಕೆಂದು ಬಂದ ಕರ್ನಾಟಕ ಸರ್ಕಾರದ ಮೈತ್ರಿ ಯೋಜನೆ ತಿಂಗಳಿಗೆ 500 ರೂಪಾಯಿ ಪಿಂಚಣಿ ಕೊಟ್ಟಿತು, 25ರಿಂದ 64 ವಯಸ್ಸಿನವರಿಗೆ. ಹದಿಹರೆಯದಲ್ಲೇ ಮನೆ ಬಿಟ್ಟವಳ ಬಳಿ ವಯಸ್ಸಿನ ದಾಖಲೆ ಎಲ್ಲಿಂದ ಬರಬೇಕು? ಪೊಲೀಸರ ಪಟ್ಟಿಗೆ ಬರೀ ಅನುಮಾನ ಸಾಕಿತ್ತು. ಪಿಂಚಣಿಯ ಪಟ್ಟಿಗೆ ಮಾತ್ರ ಕಾಗದದ ಮೇಲೆ ಕಾಗದ ಬೇಕು.